ಚಿತ್ರಕಾರನ ಸನ್ನಿಧಿಯಲ್ಲಿ



ಈ ವರ್ಷದ ಸಂಚಿಕೆಗೂ ನಾನು ವ್ಯಾಕರಣದ ವಿಷಯವಾಗಿಯೇ ಏನಾದರೂ ಬರೆದುಕೊಡುವೆನೆಂದು ನೀವು ಎಣಿಸಿರಬಹುದು. ವರ್ಷವಿಡೀ ಸಂಧಿ ಸಮಾಸಗಳನ್ನು ಕಲಿಸುವವನಿಂದ ಬೇರೇನನ್ನು ನಿರೀಕ್ಷಿಸಲಾದೀತು? ಆದರೆ ಇಂದು ನಾನು ಬರೆಯಹೊರಟಿರುವುದು ನನಗೆ ಬಾರದ ವಿದ್ಯೆಯೊಂದರ ವಿಷಯವಾಗಿ. ಚಿತ್ರ ಬರೆಯುವುದು ನನಗೆ ತಿಳಿಯದು. ಒಮ್ಮೆ ಕಪ್ಪುಹಲಗೆಯ ಮೇಲೆ ನಾನು ಬರೆದ ಆನೆಯನ್ನು ಐದನೆಯ ತರಗತಿಯವರು ಒಕ್ಕೊರಲಿನಿಂದ ಎಮ್ಮೆಯೆಂದು ಕರೆದದ್ದುಂಟು. ಹಾಗಿದ್ದೂ ಚಿತ್ರಕಲೆಯ ಮಾತನ್ನು ಎತ್ತಿಕೊಳ್ಳಲು ಕಾರಣವಿದೆ. ಆ ಕಾರಣದಲ್ಲಿ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಅದನ್ನು ಮೊದಲು ಹೇಳಿಬಿಡುವುದು ಲೇಸು.

ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಹೊಟೇಲೊಂದರಲ್ಲಿ ದೋಸೆ ಹುಯ್ಯುವ ಕೆಲಸದಲ್ಲಿದ್ದರು. ವ್ಯಾಕರಣದ ನೋಟುಪುಸ್ತಕದ ಕೊನೆಯ ಪುಟಗಳಲ್ಲಿ ಅವನು ಚಿತ್ರ ಬರೆಯುತ್ತಿದ್ದ. ಒಂದು ದಿನ ನಾನು ತತ್ಪುರುಷ ಸಮಾಸವನ್ನು ವಿವರಿಸುತ್ತಿದ್ದಾಗ ಅವನ ಕೈ ಮೇಜಿನ ಕೆಳಗೆ ಓಡಾಡುತ್ತಿದ್ದುದನ್ನು ಕಂಡೆ. ಪುಸ್ತಕವನ್ನು ಕಸಿದುಕೊಂಡು ನೋಡಿದೆ. ಕಾವಲಿಯ ಮುಂದೆ ಬೆನ್ನು ಬಾಗಿಸಿ ನಿಂತ ಒಬ್ಬ ಮನುಷ್ಯ, ಮೇಲಕ್ಕೇಳುವ ಹಬೆ, ಹೆಗಲ ಮೇಲೊಂದು ಬಟ್ಟೆ. ಆ ಪುಟವನ್ನು ಹರಿದು, "ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ಅಂಕ ಕೊಡುತ್ತಾರೆ?" ಎಂದು ತರಗತಿಯ ಎದುರಿಗೆ ಕೇಳಿದೆ. ಎಲ್ಲರೂ ನಕ್ಕರು. ಅದೇ ವರ್ಷ ಶುಕ್ರವಾರದ ಚಿತ್ರಕಲೆಯ ಅವಧಿಯನ್ನು ಕೇಳಿ ಪಡೆದು, ಅದರಲ್ಲಿ ನಿಬಂಧದ ಅಭ್ಯಾಸ ಮಾಡಿಸಿದವನೂ ನಾನೇ.

ಹುಡುಗ ಒಳ್ಳೆಯ ಅಂಕಗಳನ್ನು ಪಡೆದು ತೇರ್ಗಡೆಯಾದ. ಎರಡು ವರ್ಷಗಳ ಹಿಂದೆ ರೈಲು ನಿಲ್ದಾಣದ ಸೇತುವೆಯ ಮೇಲೆ ಸಿಕ್ಕಿದ. ಜನಸಂದಣಿಯ ನಡುವೆಯೂ ಬಾಗಿ ನಮಸ್ಕರಿಸಿದ. ಯಾವುದೋ ಕಚೇರಿಯಲ್ಲಿ ಕೆಲಸಕ್ಕಿದ್ದಾನೆ. "ಈಗಲೂ ಚಿತ್ರ ಬರೆಯುತ್ತೀಯೇನಪ್ಪ?" ಎಂದು ಕೇಳಿದೆ. "ಇಲ್ಲ ಸರ್, ಆಮೇಲೆ ಬರೆಯಲಿಲ್ಲ," ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನ್ನ ಮನಸ್ಸಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಬೆಳೆದುಬಂದ ಅಭಿಪ್ರಾಯವನ್ನು ಈಗ ನಿಮ್ಮ ಮುಂದಿಡುತ್ತೇನೆ. ಚಿತ್ರಕಲೆಯ ಅವಧಿಯನ್ನು ಉಳಿಸಿಕೊಂಡರಷ್ಟೇ ಸಾಲದು. ಚಿತ್ರವನ್ನೋ ಮೂರ್ತಿಯನ್ನೋ ಮಾಡಿ ಅದರಿಂದಲೇ ಬಾಳುವ ಒಬ್ಬ ಕಲಾವಿದನ ಬಳಿ, ಅವನು ಕೆಲಸದಲ್ಲಿ ತೊಡಗಿರುವಾಗಲೇ ಕುಳಿತು ನೋಡುವ ಅವಕಾಶ ಪ್ರತಿಯೊಬ್ಬ ವಿದ್ಯಾರ್ಥಿಗೂ ದೊರೆಯಬೇಕು. ಮುಗಿದ ಚಿತ್ರವು ತನ್ನ ಹಿಂದಿನ ಶ್ರಮವನ್ನು ಮರೆಸುತ್ತದೆ. ಅಳಿಸಿದ ರೇಖೆ, ಕೆಟ್ಟುಹೋದ ಬಣ್ಣ, ತೋಚದೆ ಕುಳಿತ ಗಳಿಗೆ, ಇವು ಯಾವುವೂ ಚೌಕಟ್ಟಿನೊಳಗೆ ಕಾಣುವುದಿಲ್ಲ. ಆದರೆ ಎಳೆಯರು ಕಲಿಯಬೇಕಾದದ್ದು ಬಹುಪಾಲು ಅಲ್ಲಿಯೇ ಇದೆ.

ನನಗಿದು ಮೊದಲು ತಿಳಿದದ್ದು ಮುಂಬಯಿಯಲ್ಲಲ್ಲ, ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ. ಶ್ರಾವಣ ಬಂತೆಂದರೆ ನಮ್ಮ ಓಣಿಯ ಚಿತ್ರಗಾರರ ಅಜ್ಜ ಗಣಪತಿಗಳನ್ನು ಮಾಡಲು ಕೂಡುತ್ತಿದ್ದ. ಶಾಲೆ ಬಿಟ್ಟೊಡನೆ ನಾವು ನಾಲ್ಕಾರು ಹುಡುಗರು ಅವನ ಪಡಸಾಲೆಯಲ್ಲಿ ಹಾಜರಾಗುತ್ತಿದ್ದೆವು. ಮೊದಲ ವರ್ಷ ನಮಗೆ ದೊರೆತದ್ದು ಮಣ್ಣಿನೊಳಗಿನ ಹರಳುಗಳನ್ನು ಆರಿಸುವ ಕೆಲಸ ಮಾತ್ರ. ಮರುವರ್ಷ ಮಣ್ಣಿಗೆ ಅರಳೆಯನ್ನು ಸೇರಿಸಿ ನಾದುವ ಕೆಲಸ ಬಂತು. ಅಜ್ಜ ಪಾಠ ಹೇಳುತ್ತಿರಲಿಲ್ಲ, ಕೇಳಿದ್ದಕ್ಕೆ ಉತ್ತರಿಸುತ್ತಿದ್ದುದೂ ಕಡಿಮೆ. ಒಂದು ಸಲ ಚೌತಿಗೆ ಎರಡೇ ದಿನಗಳಿರುವಾಗ ಒಣಗಲಿಟ್ಟ ದೊಡ್ಡ ಗಣಪತಿಯ ಸೊಂಡಿಲು ಸೀಳಿತು. ಈಗ ಅಜ್ಜ ಯಾರನ್ನಾದರೂ ಬೈಯುವನೆಂದು ನಾವು ಹೆದರಿ ಮೂಲೆ ಸೇರಿದೆವು. ಅವನು ಸೀಳಿದ ಭಾಗವನ್ನು ಸುತ್ತಲೂ ಬೆರಳಿನಿಂದ ಮುಟ್ಟಿ ನೋಡಿದ, ಎಲೆಯಡಿಕೆ ಹಾಕಿಕೊಂಡ, ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಅನಂತರ ಸೊಂಡಿಲನ್ನು ಬುಡದವರೆಗೆ ತೆಗೆದು, ಆ ಜಾಗವನ್ನು ನೀರಿನಿಂದ ಒದ್ದೆ ಮಾಡಿ, ಹೊಸದಾಗಿ ಕಟ್ಟಿದ. ತಪ್ಪಾದಾಗ ಒಬ್ಬ ದೊಡ್ಡ ಮನುಷ್ಯ ಹೇಗೆ ನಡೆದುಕೊಳ್ಳುತ್ತಾನೆಂಬುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಶಾಲೆಯಲ್ಲಿ ತಪ್ಪೆಂದರೆ ಕೆಂಪು ಮಸಿಯ ಗೆರೆ, ಕಳೆದುಹೋದ ಅಂಕ. ಅಜ್ಜನ ಪಡಸಾಲೆಯಲ್ಲಿ ತಪ್ಪೆಂದರೆ ಮುಂದಿನ ಕೆಲಸ.

ಇದು ಬರಿಯ ಹಳ್ಳಿಯ ನೆನಪಲ್ಲ. ನಮ್ಮ ದೇಶದ ಕಲೆಯ ಚರಿತ್ರೆಯಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಮೈಸೂರಿನ ಚಿತ್ರಕಾರರ ಮನೆತನದಲ್ಲಿ 1886ರಲ್ಲಿ ಜನಿಸಿದ ಕೆ. ವೆಂಕಟಪ್ಪನವರ ಹೆಸರನ್ನು ನೀವು ಕೇಳಿರಬೇಕು. ಬೆಂಗಳೂರಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಅವರು 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯರಾದರು. ಅವನೀಂದ್ರರು ಸ್ವತಃ ಹೊಸ ದಾರಿಯನ್ನು ಅರಸುತ್ತ ದಿನವೂ ಚಿತ್ರ ಬರೆಯುತ್ತಿದ್ದ ಕಲಾವಿದರು. ಭಗಿನಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಹಿಂದೂ ಹಾಗೂ ಬೌದ್ಧ ಪುರಾಣಕಥೆಗಳ ಗ್ರಂಥವು 1913ರಲ್ಲಿ ಹೊರಬಂದಾಗ, ಅದರ ಚಿತ್ರಗಳು ಅವನೀಂದ್ರರ ಮೇಲ್ವಿಚಾರಣೆಯಲ್ಲಿ ಸಿದ್ಧವಾಗಿದ್ದುವು. ಗುರುಗಳ ಚಿತ್ರಗಳ ಜೊತೆಯಲ್ಲಿ ಶಿಷ್ಯರಾದ ನಂದಲಾಲ ಬೋಸ್ ಮತ್ತು ವೆಂಕಟಪ್ಪನವರ ಚಿತ್ರಗಳೂ ಅದರಲ್ಲಿ ಅಚ್ಚಾದುವು. ಶಿಷ್ಯರ ಅಭ್ಯಾಸ ಪೆಟ್ಟಿಗೆಯ ತಳ ಸೇರಲಿಲ್ಲ. ಲೋಕದ ಓದುಗರ ಕೈ ಸೇರುವ ಕೆಲಸದಲ್ಲಿ ಗುರುವಿನ ಪಕ್ಕದಲ್ಲೇ ಅವರಿಗೂ ಪಾಲು ದೊರೆಯಿತು.

ಆ ನಂದಲಾಲ ಬೋಸರು ಮುಂದೆ ತಾವೇ ಗುರುಗಳಾದರು. ಶಾಂತಿನಿಕೇತನದಲ್ಲಿ 1919ರಲ್ಲಿ ಆರಂಭವಾದ ಕಲಾಭವನವನ್ನು ಅವರು ದೀರ್ಘಕಾಲ ನಡೆಸಿದರು. ಗುಜರಾತಿನ ಹರಿಪುರದಲ್ಲಿ 1938ರಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ, ಗಾಂಧೀಜಿಯವರ ಅಪೇಕ್ಷೆಯಂತೆ ಅಧಿವೇಶನದ ಬಯಲನ್ನು ಚಿತ್ರಗಳಿಂದ ಅಲಂಕರಿಸುವ ಹೊಣೆಯನ್ನು ಹೊತ್ತವರು ಅವರೇ. ಡೋಲು ಬಾರಿಸುವವನು, ಚಮ್ಮಾರ, ದರ್ಜಿ, ಕುಸ್ತಿಯ ಜಟ್ಟಿಗಳು ಮೊದಲಾಗಿ ಹಳ್ಳಿಯ ಬಾಳನ್ನು ತೋರಿಸುವ ಮೂಲಚಿತ್ರಗಳನ್ನು ನಂದಲಾಲರು ಬರೆದರು. ಶಿಷ್ಯರು ಅವುಗಳ ಪ್ರತಿಗಳನ್ನು ಬರೆದು ಸಂಖ್ಯೆಯನ್ನು ಸುಮಾರು 400ಕ್ಕೆ ಮುಟ್ಟಿಸಿದರು. ಒಂದು ರೇಖೆಯನ್ನು ಗುರು ಎಷ್ಟು ವೇಗದಿಂದ ಎಳೆದನೆಂಬುದನ್ನು, ಅದನ್ನು ಮತ್ತೆ ಮತ್ತೆ ಎಳೆದು ನೋಡಿದ ಶಿಷ್ಯನಲ್ಲದೆ ಬೇರಾರು ಬಲ್ಲರು?

ಇನ್ನೊಂದು ಪ್ರಸಂಗ ನಿಮಗೆ ಇನ್ನೂ ಹತ್ತಿರದ್ದು. ಪ್ರತಿ ಜನವರಿ 26ರಂದು ನಾವು ಶಾಲೆಯ ಅಂಗಳದಲ್ಲಿ ಧ್ವಜವಂದನೆ ಮಾಡುತ್ತೇವೆ. ನಮ್ಮ ಸಂವಿಧಾನದ ಮೂಲಪ್ರತಿ ಅಚ್ಚಿನ ಮೊಳೆಯಿಂದ ಮೂಡಿದ್ದಲ್ಲ, ಕೈಬರಹದ್ದು. ಆ ಅಂದವಾದ ಅಕ್ಷರಗಳನ್ನು ಬರೆದವರು ಪ್ರೇಮ ಬಿಹಾರಿ ನಾರಾಯಣ ರಾಯಜಾದಾ. ಪುಟಗಳನ್ನು ಚಿತ್ರಗಳಿಂದ ಅಲಂಕರಿಸಿದವರು ನಂದಲಾಲರು ಮತ್ತು ಅವರ ಕಲಾಭವನದ ಶಿಷ್ಯರು. ಪ್ರಸ್ತಾವನೆಯ ಪುಟದ ಅಲಂಕಾರವು ಶಿಷ್ಯರಾದ ಬ್ಯೋಹಾರ್ ರಾಮಮನೋಹರ ಸಿನ್ಹಾ ಅವರ ಕೈಕೆಲಸ. ಸಾರನಾಥದ ಸಿಂಹಸ್ತಂಭದ ಚಿತ್ರವನ್ನು ಬರೆಯುವ ಕೆಲಸ ದೀನಾನಾಥ ಭಾರ್ಗವ ಎಂಬ ತರುಣ ವಿದ್ಯಾರ್ಥಿಯ ಪಾಲಿಗೆ ಬಂತು. ಆಗ ಅವರ ವಯಸ್ಸು ಇಪ್ಪತ್ತೆರಡರ ಆಸುಪಾಸು. ಕಲ್ಲಿನ ಸಿಂಹಗಳ ಪ್ರತಿಯನ್ನು ಮಾಡುವುದಷ್ಟೇ ಸಾಕಾಗಿದ್ದರೆ ಒಂದು ಛಾಯಾಚಿತ್ರವನ್ನು ಎದುರಿಗಿಟ್ಟುಕೊಂಡರೆ ಸಾಲುತ್ತಿತ್ತು. ಗುರುಗಳು ಮಾತ್ರ ಶಿಷ್ಯನನ್ನು ಕಲ್ಕತ್ತೆಯ ಮೃಗಾಲಯಕ್ಕೆ ಕಳುಹಿಸಿದರು. ಜೀವಂತ ಸಿಂಹದ ಮುಖ, ನಡೆ, ನಿಲುವುಗಳನ್ನು ಭಾರ್ಗವರು ಹಲವು ಬಾರಿ ಹೋಗಿ ನೋಡಿ ಬಂದು ಬರೆದರು. ರಾಷ್ಟ್ರದ ಅತ್ಯಂತ ದೊಡ್ಡ ಗ್ರಂಥದ ಕೆಲಸವನ್ನು ಎಳೆಯರ ಕೈಗೆ ಕೊಡುವ ಧೈರ್ಯ ಒಬ್ಬ ಗುರುವಿಗಿತ್ತು. ಕೊಡುವ ಮೊದಲು ನೋಡುವುದನ್ನು ಕಲಿಸುವ ವಿವೇಕವೂ ಇತ್ತು. ಈ ಎರಡರಲ್ಲಿ ಒಂದಾದರೂ ನಮ್ಮ ತರಗತಿಗಳಲ್ಲಿ ಇದೆಯೇ ಎಂದು ನಾನು ನನ್ನನ್ನೇ ಕೇಳಿಕೊಳ್ಳುತ್ತೇನೆ.

"ಕಲ್ಕತ್ತೆ, ಶಾಂತಿನಿಕೇತನಗಳ ಮಾತು ನಮಗೇಕೆ ಸರ್?" ಎಂದು ನೀವು ಕೇಳಬಹುದು. ಹಾಗಾದರೆ ನಮ್ಮ ಊರಿನ ಮಾತನ್ನೇ ಕೇಳಿರಿ. ಕನ್ನಡಿಗರಾದ ಜಿ. ಎಸ್. ದಂಡಾವತಿಮಠರು ಇದೇ ಮುಂಬಯಿಯಲ್ಲಿ ನೂತನ ಕಲಾಮಂದಿರವೆಂಬ ಚಿತ್ರಶಾಲೆಯನ್ನು ನಡೆಸುತ್ತಿದ್ದರು. ಗುಲಬರ್ಗೆಯ ಎಸ್. ಎಂ. ಪಂಡಿತರೂ, ಉಡುಪಿಯ ಬಳಿಯ ಕಟ್ಟಿಂಗೇರಿಯಿಂದ ಬಂದ ಕೆ. ಕೆ. ಹೆಬ್ಬಾರರೂ ಅಲ್ಲಿ ಕಲಿತವರು. ನಿಮ್ಮ ತಂದೆ ತಾತಂದಿರಂತೆಯೇ ಊರು ಬಿಟ್ಟು ಈ ನಗರಕ್ಕೆ ಬಂದ ತರುಣರು ಅವರು. 1911ರಲ್ಲಿ ಜನಿಸಿದ ಹೆಬ್ಬಾರರು 1938ರಲ್ಲಿ ಜೆ. ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾಗಿದ್ದರು. ಕಲಿಸುವವರಾದ ಮೇಲೂ ಅವರು ಕಲಿಯುವುದನ್ನು ಬಿಡಲಿಲ್ಲ. 1949ರಲ್ಲಿ ಪ್ಯಾರಿಸಿಗೆ ಹೋಗಿ ಮತ್ತೆ ವಿದ್ಯಾರ್ಥಿಯಾದರು. ನೃತ್ಯದ ಲಯವನ್ನು ಅರಿಯುವ ಸಲುವಾಗಿ ಪಂಡಿತ ಸುಂದರಪ್ರಸಾದರಲ್ಲಿ ಕಥಕ್ ನೃತ್ಯವನ್ನು ಅಭ್ಯಾಸ ಮಾಡಿದರು. ಚಿತ್ರಕಾರನೊಬ್ಬ ಗೆಜ್ಜೆ ಕಟ್ಟಿ ತಾಳಕ್ಕೆ ಹೆಜ್ಜೆ ಹಾಕಿದ್ದನ್ನು ಕಂಡು ನಕ್ಕವರೂ ಇದ್ದಿರಬಹುದು. ಆದರೆ 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರಗಳ ಸಂಗ್ರಹಕ್ಕೆ 'ಹಾಡುವ ರೇಖೆ' ಎಂಬರ್ಥದ ಹೆಸರು ದೊರೆತದ್ದು ಸುಮ್ಮನೆ ಅಲ್ಲ. 1996ರಲ್ಲಿ ಅವರು ಈ ನಗರದಲ್ಲಿಯೇ ತೀರಿಕೊಂಡರು. ಕಲಾವಿದನ ಬಳಿ ಕುಳಿತವನು ಕಲಿಯುವ ದೊಡ್ಡ ಪಾಠಗಳಲ್ಲಿ ಇದೂ ಒಂದು: ಗುರುವೂ ಇನ್ನೂ ಕಲಿಯುತ್ತಿದ್ದಾನೆ.

ಇನ್ನು ಇದಕ್ಕೆ ವಿರುದ್ಧವಾಗಿ ಕೇಳಿಬರುವ ಮಾತುಗಳನ್ನು ನೋಡೋಣ.

ಪಾಲಕರು ಕೇಳುವ ಮೊದಲ ಪ್ರಶ್ನೆ: ಚಿತ್ರ ಹೊಟ್ಟೆ ತುಂಬಿಸುತ್ತದೆಯೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಾರೆ. ಹತ್ತಡಿ ಕೋಣೆಯ ಬಾಡಿಗೆ ಕೊಟ್ಟು, ಎರಡು ಪಾಳಿ ದುಡಿದು ಮಕ್ಕಳನ್ನು ಶಾಲೆಗೆ ಕಳುಹಿಸುವವರು ಹಾಗೆ ಕೇಳದೆ ಮತ್ತೆ ಹೇಗೆ ಕೇಳಿಯಾರು? ಆದರೆ ನಾನು ಹೇಳುತ್ತಿರುವುದು ಎಲ್ಲರೂ ಚಿತ್ರಕಾರರಾಗಬೇಕೆಂದಲ್ಲ. ವೈದ್ಯನಾಗುವವನಿಗೂ ರೋಗಿಯ ಮುಖವನ್ನು ನೋಡುವ ಕಣ್ಣು ಬೇಕು. ಬಡಗಿಗೂ ಇಂಜಿನಿಯರನಿಗೂ ಕೆಟ್ಟದ್ದನ್ನು ಬಿಚ್ಚಿ ಮತ್ತೆ ಕಟ್ಟುವ ತಾಳ್ಮೆ ಬೇಕು. ಗಣಿತದ ಅಂಕಗಳನ್ನು ಕಡಿಮೆ ಮಾಡದೆಯೇ ಇವುಗಳನ್ನು ಕಲಿಯಲು ಸಾಧ್ಯ. ಅಲ್ಲದೆ ಕೈ ಕೆಸರಾದರೆ ಬಾಯಿ ಮೊಸರು ಎಂದ ನಮ್ಮ ಹಿರಿಯರು ಕೈಗೆ ಅಂಟಿದ ಬಣ್ಣವನ್ನು ಕಂಡು ಮೂಗು ಮುರಿಯುತ್ತಿರಲಿಲ್ಲವೆಂದು ನನ್ನ ನಂಬಿಕೆ.

ಎರಡನೆಯ ಮಾತು ನಿಮ್ಮದೇ. "ಮೊಬೈಲಿನಲ್ಲಿ ಎಲ್ಲವೂ ಸಿಗುತ್ತದೆ ಸರ್, ಕಲಾವಿದರ ಬಳಿಗೆ ಹೋಗಬೇಕಾದುದೇನಿದೆ? ಏಕಲವ್ಯನು ಮಣ್ಣಿನ ಮೂರ್ತಿಯ ಮುಂದೆ ಕಲಿಯಲಿಲ್ಲವೇ?" ಎಂದು ಒಬ್ಬ ಜಾಣ ಹುಡುಗ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಏಕಲವ್ಯನ ಸಾಧನೆ ಅವನ ಛಲಕ್ಕೆ ಸಾಕ್ಷಿಯೇ ಹೊರತು, ಗುರುವು ದೂರವಿರುವುದೇ ಲೇಸೆಂಬುದಕ್ಕೆ ಸಾಕ್ಷಿಯಲ್ಲ. ಅವನು ಮೊದಲು ದ್ರೋಣನ ಬಾಗಿಲಿಗೆ ಹೋದವನು. ಅಲ್ಲಿ ತನ್ನನ್ನು ಒಲ್ಲೆನೆಂದ ಮೇಲೆ, ಬೇರೆ ದಾರಿ ಕಾಣದೆ ಮೂರ್ತಿಯನ್ನು ಮಾಡಿಕೊಂಡನು. ಬಾಗಿಲು ತೆರೆದಿರುವ ಊರಿನಲ್ಲಿರುವ ನಾವು ಮೂರ್ತಿಯ ಮುಂದೆಯೇ ಏಕೆ ನಿಂತುಕೊಳ್ಳಬೇಕು? ಮೊಬೈಲಿನ ಪರದೆಯಲ್ಲಿ ಮೂರು ದಿನಗಳ ಚಿತ್ರವೊಂದು ಮೂರು ನಿಮಿಷಗಳಲ್ಲಿ ಮುಗಿಯುತ್ತದೆ. ಕುಂಚ ಎಲ್ಲಿಯೂ ತಡವರಿಸುವುದಿಲ್ಲ. ಅದನ್ನು ನೋಡಿದ ಹುಡುಗ ತನ್ನ ಹಾಳೆಯ ಮೇಲೆ ತಡವರಿಸಿದಾಗ, ಈ ವಿದ್ಯೆ ತನಗೆ ಒಲಿದಿಲ್ಲವೆಂದು ತಿಳಿದು ಪೆನ್ಸಿಲನ್ನು ಕೆಳಗಿಡುತ್ತಾನೆ. ಕಲಾವಿದನ ಪಕ್ಕದಲ್ಲಿ ಕುಳಿತವನಿಗೆ ಮಾತ್ರ ತಡವರಿಸುವುದು ಎಲ್ಲರಿಗೂ ಉಂಟೆಂಬುದು ತಿಳಿಯುತ್ತದೆ.

ಮೂರನೆಯ ಮಾತು ನನ್ನಂತಹ ಅಧ್ಯಾಪಕರದು: ಪಾಠಗಳೇ ಮುಗಿಯದಿರುವಾಗ ಇದಕ್ಕೆಲ್ಲ ಸಮಯವೆಲ್ಲಿ? ಇದಕ್ಕೆ ಉತ್ತರವಾಗಿ ಕಳೆದ ವರ್ಷದ ಅನುಭವವನ್ನು ಹೇಳುತ್ತೇನೆ. ಗಣೇಶ ಚತುರ್ಥಿಗೆ ಮೊದಲು ಏಳು ಮತ್ತು ಎಂಟನೆಯ ತರಗತಿಗಳ ಕೆಲವರನ್ನು ಕರೆದುಕೊಂಡು ಲಾಲಬಾಗ ಪರಳದ ಕಡೆಯ ಒಂದು ಮೂರ್ತಿ ಕಾರ್ಖಾನೆಗೆ ಹೋಗಿದ್ದೆ. ಅಲ್ಲಿ 'ಶಾಡು' ಎಂದು ಕರೆಯುವ ಜೇಡಿಮಣ್ಣಿನಿಂದ ಮರಾಠಿ ಮೂರ್ತಿಕಾರರೊಬ್ಬರು ಕೆಲಸ ಮಾಡುತ್ತಿದ್ದರು. ನನ್ನ ಪಾಠದಲ್ಲಿ ಐದು ನಿಮಿಷ ನೆಟ್ಟಗೆ ಕೂಡದ ಹುಡುಗರು ಅಲ್ಲಿ ಮುಕ್ಕಾಲು ಗಂಟೆ ಅಲುಗಾಡದೆ ಕುಳಿತರು. ಹೊರಡುವಾಗ ಆ ಮೂರ್ತಿಕಾರರು, "ಯಾರಿಗೆ ಬೇಕೋ ಅವರು ಭಾನುವಾರ ಬನ್ನಿ, ಮಣ್ಣು ನಾದುವುದಕ್ಕೆ ಕೈಗಳು ಬೇಕು," ಎಂದರು. ನಾಲ್ವರು ಹೋದರು, ಹಬ್ಬದವರೆಗೆ ಪ್ರತಿ ಭಾನುವಾರವೂ ಹೋದರು. ಅವರಲ್ಲೊಬ್ಬ ಹುಡುಗಿ ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ನಾನು ಕಂಡ ಒಂದು ದೃಶ್ಯ' ಎಂಬ ನಿಬಂಧಕ್ಕೆ ಆ ಕಾರ್ಖಾನೆಯನ್ನೇ ಆರಿಸಿಕೊಂಡಳು. "ಕಣ್ಣು ಬರೆಯುವಾಗ ಕಾಕಾ ಉಸಿರು ಬಿಗಿಹಿಡಿದರು, ನಾನೂ ಬಿಗಿಹಿಡಿದೆ," ಎಂದು ಬರೆದಿದ್ದಳು. ಹತ್ತು ವರ್ಷಗಳಿಂದ ನಿಬಂಧಗಳನ್ನು ತಿದ್ದುತ್ತಿರುವ ನನಗೆ ಅದರಲ್ಲಿ ಕೆಂಪು ಮಸಿ ಹಾಕಲು ಎಡೆ ಕಾಣಲಿಲ್ಲ. ಚಿತ್ರಕಲೆಯ ಅವಧಿಯನ್ನು ಕಸಿದುಕೊಂಡು ನಾನು ಮಾಡಿಸಿದ ಅಭ್ಯಾಸದಿಂದ ಇಂಥ ಒಂದು ವಾಕ್ಯ ಎಂದೂ ಹುಟ್ಟಿರಲಿಲ್ಲ.

ಆಗ ನನಗೆ ಹೊಳೆದದ್ದು ಇದು. ಕನ್ನಡದಲ್ಲಿ ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ನಮ್ಮ ಭಾಷೆ ಒಂದುಗೂಡಿಸಿ ಇಟ್ಟದ್ದನ್ನು ವೇಳಾಪತ್ರಿಕೆಯಲ್ಲಿ ಎರಡಾಗಿ ಒಡೆದು, ಒಂದನ್ನು ಎತ್ತರದಲ್ಲಿಟ್ಟು ಇನ್ನೊಂದನ್ನು ಮೂಲೆಗೆ ತಳ್ಳಿದವರು ನಾವು. ವ್ಯಾಕರಣ ಕಲಿಸುವ ನನಗೆ ಇಷ್ಟು ಸಣ್ಣ ವಿಷಯ ಇಷ್ಟು ತಡವಾಗಿ ತಿಳಿಯಿತೆಂಬುದು ನಾಚಿಕೆಯ ಸಂಗತಿಯೇ ಸರಿ.

ಹಾಗಾದರೆ ಮಾಡಬೇಕಾದುದೇನು? ನನ್ನ ಸೂಚನೆಗಳು ದೊಡ್ಡವೇನಲ್ಲ. ಪರೀಕ್ಷೆ ಹತ್ತಿರ ಬಂತೆಂಬ ನೆಪದಿಂದ ಚಿತ್ರಕಲೆಯ ಅವಧಿಯನ್ನು ಯಾವ ಅಧ್ಯಾಪಕರೂ ತೆಗೆದುಕೊಳ್ಳಬಾರದು. ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಸತ್ರಕ್ಕೊಮ್ಮೆ ಒಬ್ಬ ಕಲಾವಿದನನ್ನು ಶಾಲೆಗೆ ಕರೆಯಬೇಕು. ಅವನು ಹೆಸರುವಾಸಿಯಾಗಿರಬೇಕೆಂಬ ನಿಯಮವಿಲ್ಲ. ಅಂಗಡಿಯ ಫಲಕಗಳ ಮೇಲೆ ಅಕ್ಷರ ಬರೆಯುವವನಾಗಲಿ, ಕುಂಬಾರನಾಗಲಿ, ಪತ್ರಿಕೆಗೆ ಚಿತ್ರ ಬರೆಯುವವನಾಗಲಿ ಆದೀತು. ಅವನಿಂದ ಭಾಷಣ ಮಾಡಿಸಬಾರದು, ಅವನು ನಮ್ಮೆದುರು ಕೆಲಸ ಮಾಡಲಿ. ಶಾಲು ಹಣ್ಣುಗಳೊಡನೆ ಕಳುಹಿಸಿಕೊಡದೆ, ಅವನ ಅರ್ಧ ದಿನದ ಕೂಲಿಯನ್ನು ಗೌರವದಿಂದ ಕೊಡಬೇಕು. ದುಡಿಮೆಗೆ ಬೆಲೆಯುಂಟೆಂಬುದನ್ನು ವಿದ್ಯಾರ್ಥಿಗಳು ಕಲಿಯುವುದು ಅಲ್ಲಿಯೇ.

ನೀವು ಮಾಡಬಹುದಾದುದೂ ಉಂಟು. ಕಾಳಾ ಘೋಡಾದ ಬಳಿ 1952ರಲ್ಲಿ ಆರಂಭವಾದ ಜಹಾಂಗೀರ್ ಚಿತ್ರಶಾಲೆಗೆ ಪ್ರವೇಶ ಶುಲ್ಕವಿಲ್ಲ. ಒಳಗೆ ಪ್ರದರ್ಶನ ನಡೆಸುವ ಕಲಾವಿದರು ಅನೇಕ ವೇಳೆ ತಮ್ಮ ಚಿತ್ರಗಳ ನಡುವೆಯೇ ಕುಳಿತಿರುತ್ತಾರೆ. ಹೊರಗಿನ ಕಾಲುದಾರಿಯಲ್ಲಿಯೂ ಚಿತ್ರಕಾರರು ಕೆಲಸ ಮಾಡುವುದನ್ನು ಕಾಣಬಹುದು. ರಜೆಯ ದಿನ ಹಿರಿಯರೊಡನೆ ಅಲ್ಲಿಗೆ ಹೋಗಿರಿ. ಹೋದೊಡನೆ ಮೊಬೈಲನ್ನು ಹೊರತೆಗೆಯದೆ, ಒಂದೇ ಚಿತ್ರದ ಮುಂದೆ ಕಾಲು ಗಂಟೆ ನಿಲ್ಲಿರಿ. "ಇದು ಏನು?" ಎಂದು ಕೇಳುವ ಬದಲು "ಇದನ್ನು ಎಲ್ಲಿಂದ ಆರಂಭಿಸಿದಿರಿ? ಎಲ್ಲಿ ಕಷ್ಟವಾಯಿತು?" ಎಂದು ವಿನಯದಿಂದ ಕೇಳಿರಿ. ಒಳ್ಳೆಯ ಕೆಲಸಗಾರನಿಗೆ ತನ್ನ ಕಷ್ಟವನ್ನು ಕೇಳುವವರು ಸಿಕ್ಕರೆ ಸಂತೋಷವೇ ಆಗುತ್ತದೆ.

ಒಂದು ಎಚ್ಚರಿಕೆಯ ಮಾತು. ಕಲಾವಿದನ ಬಳಿ ಕುಳಿತವರು ಅವನಂತೆಯೇ ಬರೆಯುವುದನ್ನು ಗುರಿಯಾಗಿಸಿಕೊಳ್ಳಬಾರದು. ಒಬ್ಬರೇ ಗುರುವಿನಲ್ಲಿ ಕಲಿತ ನಂದಲಾಲರ ದಾರಿ ಒಂದಾದರೆ ವೆಂಕಟಪ್ಪನವರ ದಾರಿ ಇನ್ನೊಂದಾಯಿತು. ಗುರುವಿನ ರೇಖೆಯನ್ನು ಕಲಿತ ಮೇಲೆ ತನ್ನ ಕಣ್ಣಿಗೆ ಕಂಡದ್ದನ್ನು ಬರೆಯಲೇಬೇಕು. ನನ್ನ ಆ ಹಳೆಯ ವಿದ್ಯಾರ್ಥಿ ಬರೆಯುತ್ತಿದ್ದುದು ತನ್ನ ಕಣ್ಣಿಗೆ ಕಂಡದ್ದನ್ನೇ. ಕಾವಲಿಯ ಮುಂದೆ ನಿಂತ ತಂದೆಯ ಬೆನ್ನನ್ನು ಅಷ್ಟು ಚೆನ್ನಾಗಿ ನೋಡಿದವರು ನಮ್ಮ ಶಾಲೆಯಲ್ಲಿ ಬೇರಾರೂ ಇರಲಿಲ್ಲ. ಆಗ ಅವನನ್ನು ಯಾರಾದರೂ ಒಬ್ಬ ಚಿತ್ರಕಾರನ ಬಳಿಗೆ ಕರೆದೊಯ್ದಿದ್ದರೆ ಏನಾಗುತ್ತಿತ್ತೋ ನಾನರಿಯೆ. ಕರೆದೊಯ್ಯಬೇಕಾಗಿದ್ದವನು ನಾನು, ನಾನು ಮಾಡಿದ್ದು ಪುಟವನ್ನು ಹರಿದದ್ದು.

ಆ ಪುಟವನ್ನು ನಾನು ಮರಳಿ ಕೊಡಲಾರೆ. ಆದುದರಿಂದ ನಿಮಗೊಂದು ಮಾತು ಕೊಡುತ್ತೇನೆ. ಬರುವ ವರ್ಷ ನಿಮ್ಮ ಕನ್ನಡದ ನೋಟುಪುಸ್ತಕದ ಕೊನೆಯ ನಾಲ್ಕು ಪುಟಗಳು ನಿಮ್ಮವು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ರೈಲಿನಲ್ಲಿ ದುಡಿಯುವ ಕೈಗಳನ್ನು ನೋಡಿ ಅಲ್ಲಿ ಚಿತ್ರ ಬರೆಯಿರಿ. ನಾನು ಅವುಗಳನ್ನು ನೋಡುತ್ತೇನೆ, ಅಂಕ ಹಾಕುವುದಿಲ್ಲ. ಆ ಹುಡುಗ ಮತ್ತೊಮ್ಮೆ ಸೇತುವೆಯ ಮೇಲೆ ಸಿಕ್ಕರೆ, ಅವುಗಳಲ್ಲಿ ಕೆಲವನ್ನು ಅವನಿಗೆ ತೋರಿಸಿ, ಅವನೂ ಮತ್ತೆ ಪೆನ್ಸಿಲು ಹಿಡಿಯಲೆಂದು ಕೇಳಿಕೊಳ್ಳಬೇಕೆಂದಿದ್ದೇನೆ.

ನಿಮ್ಮ ಕಣ್ಣು ಚುರುಕಾಗಲಿ, ಕೈ ಪಳಗಲಿ ಎಂದು ಹಾರೈಸುತ್ತೇನೆ.